ಜಾತ್ರೆಯ ಹುಂಜ ಮತ್ತು ಹಿತ್ತಲ ಕೋಳಿ: ಪ್ರಾಣಿಜನ್ಯ ರೋಗಗಳ ತಡೆಯಲ್ಲಿ ಗ್ರಾಮ ಪಂಚಾಯತಿಯ ಹೊಣೆ

ಗ್ರಾಮ ಪಂಚಾಯತಿಗಳ ಮಾನ್ಯ ಅಧ್ಯಕ್ಷರು, ಉಪಾಧ್ಯಕ್ಷರು ಹಾಗೂ ಸದಸ್ಯರ ಗಮನಕ್ಕೆ,

ಕಮಲಾಪುರ ತಾಲೂಕಿನ ಒಂದು ಗ್ರಾಮದ ಜಾತ್ರೆಗೆ ಮುನ್ನ ನಡೆದ ಸಭೆಯಲ್ಲಿ ಕೆಲವು ಯುವಕರು ಒಂದು ಬೇಡಿಕೆಯನ್ನು ಮುಂದಿಟ್ಟರು. ಊರ ಹೊರಗಿನ ಗಾಯರಾಣ ಜಾಗದಲ್ಲಿ ಒಂದು ದಿನದ ಮಟ್ಟಿಗೆ ಕೋಳಿ ಪಂದ್ಯ ನಡೆಸಲು ಪಂಚಾಯತಿಯು ಅಡ್ಡಿಪಡಿಸಬಾರದು ಎಂಬುದು ಅವರ ಕೋರಿಕೆ. ಹಿರಿಯರೊಬ್ಬರು ‘ಇದು ಅಜ್ಜ ಮುತ್ತ್ಯಾನ ಕಾಲದ್ದು’ ಎಂದು ಬೆಂಬಲಿಸಿದರು. ಇಂತಹ ಪಂದ್ಯವು ಕಾನೂನಿಗೆ ವಿರುದ್ಧವೆಂದು ನಾನು ವಿವರಿಸಿದೆನು. ಅಷ್ಟರಲ್ಲಿ ಸ್ವಸಹಾಯ ಸಂಘದ ಸದಸ್ಯೆಯೊಬ್ಬರು ಎದ್ದು ನಿಂತು, ‘ಕಾನೂನು ಇರ್ಲಿರೀ ಸಾಹೇಬ್ರ. ಹೊರಗಿನ ಹುಂಜಕ್ಕ ಬ್ಯಾನಿ ಇತ್ತಂದ್ರ ನಮ್ಮ ಜವಾರಿ ಕೋಳಿ ಸಾಯ್ತಾವ. ಆಗ ರೊಕ್ಕ ಯಾರ್ ಕೊಡ್ತಾರ್ರೀ?’ ಎಂದು ಕೇಳಿದರು.

ಆ ದಿನ ನನ್ನ ಬಳಿ ಕಾನೂನಿನ ಉತ್ತರವಿತ್ತು; ಆ ತಾಯಿಯ ಪ್ರಶ್ನೆಗೆ ಉತ್ತರವಿರಲಿಲ್ಲ. ಬಳಿಕ ಪಶುವೈದ್ಯಾಧಿಕಾರಿಗಳೊಡನೆ ಚರ್ಚಿಸಿ, ಸಂಬಂಧಿಸಿದ ಅಧಿನಿಯಮಗಳನ್ನು ಓದಿ ತಿಳಿದುಕೊಂಡ ವಿಷಯಗಳನ್ನು ಸದಸ್ಯರ ಉಪಯೋಗಕ್ಕಾಗಿ ಇಲ್ಲಿ ನೀಡಲಾಗಿದೆ. ಕೋಳಿ ಪಂದ್ಯದ ಚರ್ಚೆಯು ಸಾಮಾನ್ಯವಾಗಿ ‘ಸಂಪ್ರದಾಯವೋ, ಕ್ರೌರ್ಯವೋ’ ಎಂಬಲ್ಲಿಗೆ ನಿಂತುಬಿಡುತ್ತದೆ. ಪಂಚಾಯತಿಯ ಮಟ್ಟದಲ್ಲಿ ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ರೋಗದ್ದಾಗಿದೆ.

ಪ್ರಾಣಿಜನ್ಯ ರೋಗಗಳೆಂದರೆ

ಪ್ರಾಣಿಗಳಿಂದ ಮನುಷ್ಯರಿಗೆ ಹರಡುವ ರೋಗಗಳಿಗೆ ಪ್ರಾಣಿಜನ್ಯ ರೋಗಗಳೆಂದು ಹೆಸರು. ಇವುಗಳಲ್ಲಿ ಕೆಲವನ್ನು ನಮ್ಮ ರೈತರು ಬಹುಕಾಲದಿಂದ ಬಲ್ಲರು.

ರೇಬೀಸ್, ಅಂದರೆ ಹುಚ್ಚುನಾಯಿ ರೋಗವು ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬಹುತೇಕ ಮಾರಣಾಂತಿಕವಾದುದು. ಕಚ್ಚಿದ ಗಾಯವನ್ನು ತಕ್ಷಣ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು, ವಿಳಂಬವಿಲ್ಲದೆ ಲಸಿಕೆ ಪಡೆದರೆ ಜೀವ ಉಳಿಯುತ್ತದೆ.

ನೆರಡಿ ರೋಗವು ದನ, ಕುರಿ, ಮೇಕೆಗಳನ್ನು ಹಠಾತ್ತನೆ ಕೊಲ್ಲುತ್ತದೆ. ಸತ್ತ ಪ್ರಾಣಿಯ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಬಹುದು. ಅಂತಹ ಪ್ರಾಣಿಯ ಚರ್ಮ ಸುಲಿಯುವುದಾಗಲಿ, ಮಾಂಸ ಹಂಚಿಕೊಳ್ಳುವುದಾಗಲಿ ಕೂಡದು. ದೇಹವನ್ನು ತೆರೆದರೆ ರೋಗಾಣುಗಳು ಮಣ್ಣಿಗೆ ಸೇರಿ ದಶಕಗಳ ಕಾಲ ಉಳಿಯುತ್ತವೆ.

ಕಂದು ರೋಗ, ಅಂದರೆ ಬ್ರೂಸೆಲ್ಲೋಸಿಸ್, ಹಸು ಎಮ್ಮೆಗಳಲ್ಲಿ ಗರ್ಭಪಾತಕ್ಕೆ ಕಾರಣವಾಗುತ್ತದೆ. ಕಂದು ಹಾಕಿದ ದನದ ಕಸವನ್ನು ಬರಿಗೈಯಲ್ಲಿ ಎತ್ತಿದವರಿಗೆ ಮತ್ತು ಕಾಯಿಸದ ಹಾಲು ಕುಡಿದವರಿಗೆ ದೀರ್ಘಕಾಲದ ಜ್ವರ ಹಾಗೂ ಕೀಲುನೋವು ಬರಬಹುದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮದಡಿ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಇದರ ಲಸಿಕೆ ಹಾಕಲಾಗುತ್ತದೆ.

ನಮ್ಮ ರಾಜ್ಯದ ಮಂಗನ ಕಾಯಿಲೆಯು 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನ ಪ್ರದೇಶದಲ್ಲಿ ಮೊದಲು ಗುರುತಿಸಲ್ಪಟ್ಟಿತು. ಅದು ಉಣ್ಣೆಗಳ ಮೂಲಕ ಮನುಷ್ಯರಿಗೆ ತಗಲುತ್ತದೆ.

ಎಲ್ಲ ಜಾನುವಾರು ರೋಗಗಳೂ ಮನುಷ್ಯರಿಗೆ ಬರುವುದಿಲ್ಲ ಎಂಬುದನ್ನೂ ಸದಸ್ಯರು ಗಮನಿಸಬೇಕು. ಚರ್ಮಗಂಟು ರೋಗವು ದನಗಳನ್ನು ಎಷ್ಟೇ ಕಾಡಿದರೂ ಮನುಷ್ಯರಿಗೆ ಹರಡುವುದಿಲ್ಲ. ಅನಗತ್ಯ ಭಯವನ್ನು ನಿವಾರಿಸುವುದೂ ನಮ್ಮ ಕೆಲಸದ ಭಾಗವೇ ಆಗಿದೆ.

ಕೋಳಿಯ ಎರಡು ರೋಗಗಳು

ಕೋಳಿಗಳಿಗೆ ಸಂಬಂಧಿಸಿ ಎರಡು ರೋಗಗಳನ್ನು ತಿಳಿದಿರುವುದು ಅವಶ್ಯಕ. ಮೊದಲನೆಯದು ಕೊಕ್ಕರೆ ರೋಗ, ಅಂದರೆ ರಾಣಿಖೇತ್. ಹಸಿರು ಮಿಶ್ರಿತ ಬಿಳಿ ಭೇದಿ, ಉಸಿರಾಟದ ತೊಂದರೆ, ಕತ್ತು ತಿರುಚಿಕೊಳ್ಳುವುದು ಮತ್ತು ಗುಂಪುಗುಂಪಾಗಿ ಸಾಯುವುದು ಇದರ ಲಕ್ಷಣಗಳು. ಮನುಷ್ಯರಿಗೆ ಇದರಿಂದ ಕಣ್ಣು ಕೆಂಪಾಗಿ ಉರಿಯೂತ ಬರುವುದುಂಟು. ಅದು ಸಾಮಾನ್ಯವಾಗಿ ತಾನಾಗಿ ಗುಣವಾಗುತ್ತದೆ. ಆದರೆ ಹಿತ್ತಲ ಕೋಳಿಗಳಿಗೆ ಇದು ಸರ್ವನಾಶವನ್ನೇ ತರುತ್ತದೆ. ಇದಕ್ಕೆ ಲಸಿಕೆ ಲಭ್ಯವಿದೆ.

ಎರಡನೆಯದು ಹಕ್ಕಿಜ್ವರ. ಇದರಲ್ಲಿ ಎಚ್5ಎನ್1 ಎಂಬ ಬಗೆಯು ಅತ್ಯಂತ ತೀವ್ರವಾದುದು. ಕೋಳಿಗಳ ಜುಟ್ಟು ಮತ್ತು ಗಲ್ಲದ ತೊಗಲು ನೀಲಿಗಟ್ಟುವುದು, ತಲೆ ಊದಿಕೊಳ್ಳುವುದು, ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು ಸಾಯುವುದು ಇದರ ಲಕ್ಷಣಗಳು. ರೋಗಾಣುವು ಕೋಳಿಯ ಎಂಜಲು, ಮೂಗಿನ ಸ್ರಾವ ಮತ್ತು ಹಿಕ್ಕೆಯಲ್ಲಿ ಹೊರಬೀಳುತ್ತದೆ. ತಂಪಾದ, ತೇವವಿರುವ ಜಾಗದಲ್ಲಿ ವಾರಗಟ್ಟಲೆ ಬದುಕುತ್ತದೆ. ಮನುಷ್ಯರಿಗೆ ಇದು ಸುಲಭವಾಗಿ ತಗಲುವುದಿಲ್ಲ. ತಗಲಿದರೆ ಪರಿಣಾಮ ಘೋರ. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ತಗಲಿದ್ದು, ಅವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮೃತಪಟ್ಟಿರುತ್ತಾರೆ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಬಾಲಕನೊಬ್ಬನೂ 2025ರಲ್ಲಿ ಆಂಧ್ರಪ್ರದೇಶದ ಪುಟ್ಟ ಮಗುವೊಂದೂ ಇದರಿಂದ ಪ್ರಾಣ ಕಳೆದುಕೊಂಡರು. ಚೆನ್ನಾಗಿ ಬೇಯಿಸಿದ ಮಾಂಸ ಮತ್ತು ಮೊಟ್ಟೆಯಿಂದ ಅಪಾಯವಿಲ್ಲ. 70 ಡಿಗ್ರಿ ಸೆಲ್ಸಿಯಸ್ ಶಾಖವು ಒಳಭಾಗದವರೆಗೂ ತಲುಪಿದರೆ ಈ ರೋಗಾಣು ನಾಶವಾಗುತ್ತದೆ.

ನಮ್ಮ ಹೆದ್ದಾರಿಯ ಮೇಲಿನ ಪಾಠ

ಹಕ್ಕಿಜ್ವರವು ಎಲ್ಲೋ ದೂರದ ಸಂಗತಿಯೆಂದು ಭಾವಿಸುವಂತಿಲ್ಲ. 2016ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಹುಮನಾಬಾದ್ ತಾಲೂಕಿನ ಮೋಳಕೇರಾ ಗ್ರಾಮದ ಕೋಳಿ ಫಾರಂ ಒಂದರಲ್ಲಿ ಎಚ್5ಎನ್1 ದೃಢಪಟ್ಟಿತು. ರೋಗವನ್ನು ತಡೆಯಲು ಒಂದು ಲಕ್ಷಕ್ಕೂ ಅಧಿಕ ಕೋಳಿಗಳನ್ನು ಕೊಲ್ಲಬೇಕಾಯಿತು. ಕಲಬುರಗಿಯಿಂದ ಕಮಲಾಪುರದ ಮೂಲಕ ಹುಮನಾಬಾದಿಗೆ ಹೋಗುವುದು ಒಂದೇ ಹೆದ್ದಾರಿ. ಸಂತೆಯ ಕೋಳಿ, ಮೊಟ್ಟೆಯ ಗಾಡಿ, ಮೇವಿನ ಲಾರಿ ಎಲ್ಲವೂ ಈ ದಾರಿಯಲ್ಲೇ ಸಂಚರಿಸುತ್ತವೆ. 2025ರ ಆರಂಭದಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ವರದಹಳ್ಳಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು ತಾಲೂಕಿನ ಕುರೇಕುಪ್ಪದಲ್ಲಿಯೂ ರೋಗ ಕಾಣಿಸಿಕೊಂಡಿತು.

ರೋಗ ದೃಢಪಟ್ಟ ಸ್ಥಳದಿಂದ 1 ಕಿಲೋಮೀಟರ್ ಸುತ್ತಳತೆಯನ್ನು ಸೋಂಕಿತ ವಲಯವೆಂದೂ 10 ಕಿಲೋಮೀಟರ್‌ವರೆಗಿನ ಪ್ರದೇಶವನ್ನು ನಿಗಾ ವಲಯವೆಂದೂ ಘೋಷಿಸಲಾಗುತ್ತದೆ. ಸೋಂಕಿತ ವಲಯದಲ್ಲಿ ಫಾರಂನ ಕೋಳಿಗಳಲ್ಲದೆ ಬಡವರ ಹಿತ್ತಲಿನ ಕೋಳಿಗಳನ್ನೂ ಕೊಲ್ಲಲಾಗುತ್ತದೆ. ಒಬ್ಬರ ಮನೆಯ ರೋಗವು ಇಡೀ ಊರಿನ ನಷ್ಟವಾಗುವುದು ಹೀಗೆ.

ಪಂದ್ಯದ ಕಣದಲ್ಲಿ ನಡೆಯುವುದೇನು?

ನಾನು ಇಂಜಿನಿಯರಿಂಗ್ ಓದಿದವನಾದುದರಿಂದ ಈ ವಿಷಯವನ್ನು ನೀರಿನ ಟ್ಯಾಂಕುಗಳ ಉದಾಹರಣೆಯಿಂದ ವಿವರಿಸಬಯಸುತ್ತೇನೆ. ಹತ್ತು ಊರುಗಳಿಗೆ ಹತ್ತು ಪ್ರತ್ಯೇಕ ಟ್ಯಾಂಕುಗಳಿವೆ ಎನ್ನೋಣ. ಒಂದು ಟ್ಯಾಂಕಿನ ನೀರು ಕೆಟ್ಟರೆ ಒಂದೇ ಊರಿಗೆ ತೊಂದರೆ. ಆದರೆ ಯಾರಾದರೂ ಒಂದು ಮಧ್ಯಾಹ್ನದ ಮಟ್ಟಿಗೆ ಆ ಹತ್ತನ್ನೂ ಒಂದೇ ಪೈಪಿನಿಂದ ಜೋಡಿಸಿದರೆ, ಸಂಜೆಗೆ ಪೈಪನ್ನು ಕಿತ್ತುಹಾಕಿದರೂ ಪ್ರಯೋಜನವಿಲ್ಲ. ಕೆಟ್ಟ ನೀರು ಆಗಲೇ ಎಲ್ಲೆಡೆ ಸೇರಿಹೋಗಿರುತ್ತದೆ.

ಜವಾರಿ ಕೋಳಿಗಳು ತಮ್ಮ ಓಣಿಯನ್ನು ಬಿಟ್ಟು ಹೋಗುವುದು ಅಪರೂಪ. ಕೋಳಿ ಪಂದ್ಯದ ಕಣವು ಆ ಜೋಡಣೆಯ ಪೈಪಿನಂತೆ ಕೆಲಸ ಮಾಡುತ್ತದೆ. ಹತ್ತು ಊರುಗಳಿಂದ ಇಪ್ಪತ್ತು ಹುಂಜಗಳು ಬಂದವೆಂದುಕೊಳ್ಳೋಣ. ಅವು ಒಂದೇ ನೆಲದಲ್ಲಿ ಹಿಕ್ಕೆ ಹಾಕುತ್ತವೆ. ಪರಸ್ಪರ ಕುಕ್ಕಿ, ಗೀರಿ ರಕ್ತ ಮತ್ತು ಎಂಜಲನ್ನು ಬೆರೆಸುತ್ತವೆ. ಅದೇ ಕೈಗಳು ಒಂದು ಹುಂಜದಿಂದ ಇನ್ನೊಂದನ್ನು ಮುಟ್ಟುತ್ತವೆ. ಕಾಲಿಗೆ ಕಟ್ಟುವ ಕತ್ತಿ, ಒರೆಸುವ ಬಟ್ಟೆ, ಕುಡಿಸುವ ನೀರು ಕೈಯಿಂದ ಕೈಗೆ ದಾಟುತ್ತವೆ. ಸಂಜೆ ಗೆದ್ದ ಹುಂಜವು ಮನೆಯ ಗೂಡಿಗೆ, ಸೋತು ಸತ್ತ ಹುಂಜವು ಅಡುಗೆಮನೆಗೆ ಹೋಗುತ್ತದೆ. ರೋಗದ ಲಕ್ಷಣ ಕಾಣಿಸುವ ಮೊದಲೇ ಕೋಳಿಯು ರೋಗಾಣುವನ್ನು ಹೊರಸೂಸಬಲ್ಲದಾದ್ದರಿಂದ ‘ನೋಡಲು ಗಟ್ಟಿಮುಟ್ಟಾಗಿತ್ತು’ ಎಂಬ ಮಾತು ರಕ್ಷಣೆಯಾಗಲಾರದು.

ಇದು ಊಹೆಯ ಮಾತಲ್ಲ. 2004ರಲ್ಲಿ ಥೈಲ್ಯಾಂಡ್ ದೇಶದಲ್ಲಿ ಹಕ್ಕಿಜ್ವರ ವ್ಯಾಪಿಸಿದಾಗ ಪಂದ್ಯದ ಹುಂಜಗಳ ಸಾಗಾಟವೂ ರೋಗ ಹರಡಲು ಒಂದು ಕಾರಣವೆಂದು ಕಂಡುಬಂದಿತು. ಆ ವರ್ಷ ಅಲ್ಲಿ ಪಂದ್ಯದ ಹುಂಜಗಳನ್ನು ಸಾಕುತ್ತಿದ್ದ 18 ವರ್ಷದ ಯುವಕನೊಬ್ಬ ರೋಗ ತಗಲಿ ಮೃತಪಟ್ಟನು. ಗಾಯಗೊಂಡ ಹುಂಜದ ಗಂಟಲಿನಲ್ಲಿ ಕಟ್ಟಿದ ರಕ್ತ ಮತ್ತು ಕಫವನ್ನು ಬಾಯಿಯಿಂದ ಹೀರಿ ತೆಗೆಯುವ ಪದ್ಧತಿ ಅಲ್ಲಿನ ಸಾಕಣೆದಾರರಲ್ಲಿತ್ತು. ಮುಂದೆ ಅಲ್ಲಿಯ ಸರ್ಕಾರವು ಪ್ರತಿ ಹುಂಜಕ್ಕೂ ಗುರುತಿನ ಪುಸ್ತಕ ನೀಡಿ ಸಾಗಾಟವನ್ನು ನಿಯಂತ್ರಿಸಬೇಕಾಯಿತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2002 ಮತ್ತು 2003ರಲ್ಲಿ ರಾಣಿಖೇತ್ ರೋಗವು ಹಿತ್ತಲಿನಲ್ಲಿ ಸಾಕಿದ ಪಂದ್ಯದ ಕೋಳಿಗಳ ಮೂಲಕ ಹರಡಿ ದೊಡ್ಡ ಫಾರಂಗಳನ್ನೂ ಸೇರಿತು. ಅದನ್ನು ನಿಲ್ಲಿಸಲು 30 ಲಕ್ಷಕ್ಕೂ ಅಧಿಕ ಕೋಳಿಗಳನ್ನು ಕೊಲ್ಲಲಾಯಿತು.

ಸಂಪ್ರದಾಯದ ವಾದ ಮತ್ತು ಕಾನೂನು

ಪಂದ್ಯದ ಪರವಾಗಿ ಮಾತನಾಡುವವರ ವಾದಗಳನ್ನು ತಳ್ಳಿಹಾಕದೆ ಕೇಳಬೇಕು. ಕರಾವಳಿಯಲ್ಲಿ ಕೋಳಿ ಅಂಕವು ದೈವಾರಾಧನೆ ಮತ್ತು ಜಾತ್ರೆಗಳೊಂದಿಗೆ ಬೆಳೆದು ಬಂದಿದೆ. ಗೋದಾವರಿ ಜಿಲ್ಲೆಗಳಲ್ಲಿ ಸಂಕ್ರಾಂತಿ ಎಂದರೆ ಕೋಳಿ ಪಂದ್ಯವೆಂಬಷ್ಟು ಅದು ರೂಢಿಯಾಗಿದೆ. ಅಸೀಲ್‌ನಂತಹ ದೇಶಿ ತಳಿಗಳು ಉಳಿದಿರುವುದಕ್ಕೆ ಪಂದ್ಯದ ಹವ್ಯಾಸವೂ ಕಾರಣವೆಂದು ಸಾಕಣೆದಾರರು ಹೇಳುತ್ತಾರೆ. ‘ಕಂಬಳಕ್ಕೆ ಅನುಮತಿ ಇದೆ, ಕೋಳಿಗೆ ಏಕಿಲ್ಲ?’ ಎಂಬ ಪ್ರಶ್ನೆಯೂ ಸಹಜವಾದುದೇ.

ಇದಕ್ಕೆ ಉತ್ತರ ಹೀಗಿದೆ. ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣವು ಪ್ರಾಣಿಗಳನ್ನು ಕಾದಾಟಕ್ಕೆ ಹಚ್ಚುವುದನ್ನೂ ಕಾದಾಟಕ್ಕೆ ಸ್ಥಳ ಒದಗಿಸುವುದನ್ನೂ ಅಪರಾಧವೆಂದು ಹೇಳುತ್ತದೆ. 2014ರ ಮೇ 7ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆಯನ್ನು ಕಟ್ಟುನಿಟ್ಟಾಗಿ ಪಾಲಿಸಲು ಸರ್ಕಾರಗಳಿಗೆ ನಿರ್ದೇಶಿಸಿತು. 2017ರಲ್ಲಿ ಕರ್ನಾಟಕವು ತಂದ ತಿದ್ದುಪಡಿಯು ಕಂಬಳಕ್ಕೆ ಮತ್ತು ಎತ್ತುಗಳ ಓಟ, ಬಂಡಿ ಓಟಗಳಿಗೆ ವಿನಾಯಿತಿ ನೀಡಿತು. 2023ರ ಮೇ 18ರಂದು ಸಂವಿಧಾನ ಪೀಠವು ಅದನ್ನು ಎತ್ತಿಹಿಡಿಯಿತು. ಆ ವಿನಾಯಿತಿಯಲ್ಲಿ ಕೋಳಿ ಪಂದ್ಯ ಸೇರಿಲ್ಲ. ಕಾರ ಹುಣ್ಣಿಮೆಯಲ್ಲಿ ನಮ್ಮ ಎತ್ತುಗಳು ಓಡುತ್ತವೆ, ಒಂದನ್ನೊಂದು ಕೊಲ್ಲುವುದಿಲ್ಲ. ಕತ್ತಿ ಕಟ್ಟಿದ ಹುಂಜಗಳ ಪಂದ್ಯವು ಸಾಮಾನ್ಯವಾಗಿ ಒಂದರ ಸಾವಿನಲ್ಲೇ ಮುಗಿಯುತ್ತದೆ. ಆ ಕತ್ತಿಯು ಮನುಷ್ಯರನ್ನೂ ಬಿಟ್ಟಿಲ್ಲ: 2021ರ ಫೆಬ್ರುವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯ ಲೋತುನೂರಿನಲ್ಲಿ ಹುಂಜದ ಕಾಲಿನ ಕತ್ತಿ ತಗಲಿ ವ್ಯಕ್ತಿಯೊಬ್ಬರು ಮೃತಪಟ್ಟರು. ಹಣ ಕಟ್ಟಿ ಆಡಿದಲ್ಲಿ ಕರ್ನಾಟಕ ಪೊಲೀಸ್ ಅಧಿನಿಯಮ, 1963ರ ಜೂಜಿನ ನಿಬಂಧನೆಗಳೂ ಅನ್ವಯವಾಗುತ್ತವೆ.

ಇಷ್ಟಾದರೂ ಕಾನೂನಿನ ಭಯವೊಂದನ್ನೇ ನಂಬಿ ಕೂರುವಂತಿಲ್ಲ. 1960ರ ಅಧಿನಿಯಮದಲ್ಲಿ ಮೊದಲ ಅಪರಾಧಕ್ಕೆ ನಿಗದಿಯಾದ ದಂಡ 10 ರೂಪಾಯಿಯಿಂದ 50 ರೂಪಾಯಿ. ಇಂದು ಆ ಹಣಕ್ಕೆ ಅರ್ಧ ಕಿಲೋ ಕೋಳಿ ಮಾಂಸವೂ ಬರುವುದಿಲ್ಲ. ಜನರು ಪಂದ್ಯವನ್ನು ಬಿಡಬೇಕಾದರೆ ಅದರಿಂದ ತಮ್ಮ ನೆರೆಮನೆಗೆ ಆಗುವ ಹಾನಿಯು ಅವರಿಗೆ ಅರ್ಥವಾಗಬೇಕು. ಆ ಮಾತನ್ನು ಪೊಲೀಸರಿಗಿಂತ ಊರಿನ ಸದಸ್ಯರು ಹೇಳಿದರೆ ಹೆಚ್ಚು ನಾಟುತ್ತದೆ.

ಆ ತಾಯಿಯ ಪ್ರಶ್ನೆಗೆ ಉತ್ತರ

ಇನ್ನು ‘ರೊಕ್ಕ ಯಾರು ಕೊಡುತ್ತಾರೆ’ ಎಂಬ ಪ್ರಶ್ನೆಗೆ ಬರೋಣ. ಹಕ್ಕಿಜ್ವರ ದೃಢಪಟ್ಟು ಸರ್ಕಾರದ ಆದೇಶದಂತೆ ಕೊಲ್ಲಲಾದ ಕೋಳಿಗಳಿಗೆ, ನಾಶಪಡಿಸಿದ ಮೊಟ್ಟೆ ಮತ್ತು ಮೇವಿಗೆ ಕೇಂದ್ರ ಹಾಗೂ ರಾಜ್ಯ ಸರ್ಕಾರಗಳು ಸೇರಿ ಪರಿಹಾರ ನೀಡುತ್ತವೆ. ಆದರೆ ಅಧಿಕಾರಿಗಳು ಬರುವ ಮೊದಲೇ ರೋಗದಿಂದ ಸತ್ತ ಕೋಳಿಗಳಿಗೆ ಈ ಪರಿಹಾರ ದೊರೆಯುವುದಿಲ್ಲ. ರಾಣಿಖೇತ್ ರೋಗದಿಂದ ಸತ್ತ ಹಿತ್ತಲ ಕೋಳಿಗಳಿಗೂ ಈ ಪರಿಹಾರ ಅನ್ವಯಿಸುವುದಿಲ್ಲ.

ಇದರ ಅರ್ಥವನ್ನು ಸದಸ್ಯರು ಮನಸ್ಸಿಗೆ ತಂದುಕೊಳ್ಳಬೇಕು. ಬೇಗ ತಿಳಿಸಿದ ಊರಿಗೆ ನಷ್ಟದ ಒಂದು ಪಾಲಾದರೂ ಮರಳಿ ಬರುತ್ತದೆ; ಮುಚ್ಚಿಟ್ಟ ಊರಿಗೆ ಏನೂ ಬರುವುದಿಲ್ಲ. ಕೋಳಿ ಪಂದ್ಯವು ಕದ್ದುಮುಚ್ಚಿ ನಡೆಯುವಂಥದ್ದು. ಅಲ್ಲಿಂದ ರೋಗ ತಂದ ಹುಂಜದ ಒಡೆಯನು ಕೇಸಿಗೆ ಹೆದರಿ ಬಾಯಿ ಬಿಡುವುದಿಲ್ಲ. ಅವನ ಮೌನದ ಬೆಲೆಯನ್ನು ತೆರುವವರು ಪಂದ್ಯವನ್ನೇ ನೋಡದ ನೆರೆಹೊರೆಯವರು. ಮೊಟ್ಟೆ ಮಾರಿ ಮಕ್ಕಳ ಪಟ್ಟಿ ಪುಸ್ತಕಕ್ಕೆ ಹಣ ಹೊಂದಿಸುವ ಮಹಿಳೆಗೆ ಹತ್ತು ಕೋಳಿ ಎಂದರೆ ಸಣ್ಣ ಆಸ್ತಿಯಲ್ಲ.

ಪಂಚಾಯತಿಯು ಕೈಗೊಳ್ಳಬೇಕಾದ ಕ್ರಮಗಳು

ಪಶುಸಂಗೋಪನೆ, ಹೈನುಗಾರಿಕೆ ಮತ್ತು ಕೋಳಿ ಸಾಕಣೆಯು ಸಂವಿಧಾನದ 11ನೆಯ ಅನುಸೂಚಿಯಂತೆ ಪಂಚಾಯತಿಗಳಿಗೆ ಸೇರಿದ ವಿಷಯ. ಜೊತೆಗೆ, ಪ್ರಾಣಿಗಳ ಸಾಂಕ್ರಾಮಿಕ ರೋಗಗಳ ತಡೆ ಮತ್ತು ನಿಯಂತ್ರಣ ಅಧಿನಿಯಮ, 2009ರ 4ನೆಯ ಪ್ರಕರಣದ ಪ್ರಕಾರ, ಅನುಸೂಚಿತ ರೋಗದ ಸಂಶಯವಿರುವ ಪ್ರಾಣಿಯ ಒಡೆಯನು ಆ ವಿಷಯವನ್ನು ಗ್ರಾಮಾಧಿಕಾರಿ ಅಥವಾ ಗ್ರಾಮ ಪಂಚಾಯತಿಗೆ ತಿಳಿಸತಕ್ಕದ್ದು. ಅಲ್ಲಿಂದ ಅದು ಸಮೀಪದ ಪಶುವೈದ್ಯರಿಗೆ ತಲುಪಬೇಕು. ಅಂದರೆ ಸುದ್ದಿಯ ಮೊದಲ ಬಾಗಿಲು ನಮ್ಮದೇ ಆಗಿದೆ. ಆದ್ದರಿಂದ ಈ ಕೆಳಗಿನ ಕ್ರಮಗಳನ್ನು ಕೈಗೊಳ್ಳುವುದು ಸೂಕ್ತ.

1. ಒಂದೇ ಓಣಿಯಲ್ಲಿ ಒಂದೆರಡು ದಿನಗಳಲ್ಲಿ ಹಲವು ಕೋಳಿಗಳು, ಅಥವಾ ಕೆರೆ ದಂಡೆಯಲ್ಲಿ ಕಾಗೆ, ಬಾತುಕೋಳಿಗಳು ಸತ್ತು ಬಿದ್ದರೆ ಅದೇ ದಿನ ಪಶು ಆಸ್ಪತ್ರೆಗೆ ತಿಳಿಸುವುದು. ಪಶುವೈದ್ಯ ಸೇವೆಯ ಸಹಾಯವಾಣಿ 1962ಕ್ಕೆ ಉಚಿತವಾಗಿ ಕರೆ ಮಾಡಬಹುದು. ಮಾಹಿತಿಯನ್ನು ಪಂಚಾಯತಿಯ ವಹಿಯಲ್ಲಿ ದಿನಾಂಕ ಸಹಿತ ದಾಖಲಿಸುವುದು.

2. ಸತ್ತ ಕೋಳಿಗಳನ್ನು ತಿಪ್ಪೆಗೆ, ನಾಲೆಗೆ ಎಸೆಯಲು ಅಥವಾ ಅಗ್ಗದ ಬೆಲೆಗೆ ಮಾರಲು ಬಿಡಬಾರದು. ಬರಿಗೈಯಲ್ಲಿ ಮುಟ್ಟದೆ, ಪಶುವೈದ್ಯರ ಸೂಚನೆಯಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳುವುದು. ಮಾದರಿ ಸಂಗ್ರಹವನ್ನು ಪಶುವೈದ್ಯರೇ ಮಾಡುವರು. ಹಕ್ಕಿಜ್ವರದ ಅಂತಿಮ ಪರೀಕ್ಷೆಯು ಭೋಪಾಲಿನ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಡೆಯುತ್ತದೆ.

3. ರೋಗಪೀಡಿತ ಕೋಳಿಗಳನ್ನು ಮುಟ್ಟಿದವರಿಗೆ ಹತ್ತು ದಿನಗಳೊಳಗೆ ಜ್ವರ, ಕೆಮ್ಮು, ಉಸಿರಾಟದ ತೊಂದರೆ ಅಥವಾ ಕಣ್ಣಿನ ಉರಿ ಕಾಣಿಸಿದರೆ ಆಶಾ ಕಾರ್ಯಕರ್ತೆಯರ ಮೂಲಕ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ‘ಕೋಳಿಗಳ ಸಂಪರ್ಕವಿತ್ತು’ ಎಂಬುದನ್ನು ವೈದ್ಯರಿಗೆ ತಪ್ಪದೆ ಹೇಳಿಸುವುದು.

4. ಜಾತ್ರೆಗೆ ಕನಿಷ್ಠ ಒಂದು ತಿಂಗಳ ಮೊದಲು ಪಶು ಸಖಿಯರು ಮತ್ತು ಸ್ವಸಹಾಯ ಸಂಘಗಳ ನೆರವಿನಿಂದ ಹಿತ್ತಲ ಕೋಳಿಗಳಿಗೆ ರಾಣಿಖೇತ್ ಲಸಿಕೆ ಹಾಕಿಸುವುದು. ನೆಂಟರಿಷ್ಟರ ಓಡಾಟ, ಕೋಳಿಗಳ ಮಾರಾಟ ಹೆಚ್ಚುವ ಕಾಲವದು.

5. ಕೋಳಿ ಪಂದ್ಯಕ್ಕೆ ಗಾಯರಾಣ, ಶಾಲಾ ಮೈದಾನ ಅಥವಾ ಪಂಚಾಯತಿಯ ಯಾವುದೇ ಜಾಗವನ್ನು ನೀಡಬಾರದು. ಬಾಯಿಮಾತಿನ ಒಪ್ಪಿಗೆಯನ್ನೂ ಕೊಡಬಾರದು. ಇಂತಹ ಅನುಮತಿ ನೀಡುವ ಅಧಿಕಾರವು ಪಂಚಾಯತಿಗಿಲ್ಲ. ಪಂದ್ಯದ ಸುದ್ದಿ ತಿಳಿದರೆ ಪೊಲೀಸ್ ಠಾಣೆಗೆ ತಿಳಿಸುವುದು. ಸದಸ್ಯರು ತಾವೇ ತಡೆಯಲು ಹೋಗಿ ಜಗಳಕ್ಕೆ ಆಸ್ಪದ ಕೊಡಬಾರದು.

6. ರೋಗವನ್ನು ವರದಿ ಮಾಡಿದವರನ್ನು ‘ಊರಿನ ಹೆಸರು ಕೆಡಿಸಿದರು’ ಎಂದು ದೂಷಿಸಲು ಬಿಡಬಾರದು. ಹೊರಗಿನಿಂದ ಹುಂಜ ತಂದವನಿಗೂ ಮೊದಲು ರೋಗ ತಿಳಿಸುವ ಧೈರ್ಯ ಬರುವಂತೆ ಮಾತನಾಡುವುದು.

7. ವದಂತಿಗಳಿಗೆ ಕಡಿವಾಣ ಹಾಕುವುದು. ರೋಗವಿಲ್ಲದ ಪ್ರದೇಶದ ಕೋಳಿ ಸಾಕಣೆದಾರರು ಸುಳ್ಳು ಸುದ್ದಿಯಿಂದ ನಷ್ಟಕ್ಕೆ ಒಳಗಾಗಬಾರದು. ಸರಿಯಾದ ಮಾಹಿತಿಯನ್ನು ಡಂಗುರದ ಮೂಲಕ ಹಾಗೂ ಸ್ವಚ್ಛ ವಾಹಿನಿಯ ಧ್ವನಿವರ್ಧಕದ ಮೂಲಕ ತಿಳಿಸುವುದು.

ದೇಶಿ ತಳಿಯ ಹುಂಜಗಳನ್ನು ಸಾಕುವ ಹವ್ಯಾಸಕ್ಕೆ ಯಾರ ಆಕ್ಷೇಪವೂ ಇಲ್ಲ. ಲಸಿಕೆ ಹಾಕಿಸಿ, ಹೊಸದಾಗಿ ತಂದ ಹುಂಜವನ್ನು ಕೆಲವು ದಿನ ಬೇರೆ ಗೂಡಿನಲ್ಲಿರಿಸಿ, ತಳಿ ಬೆಳೆಸಿ ಮಾರಿದರೆ ಅದು ಆದಾಯವೂ ಆಗುತ್ತದೆ. ಜಾತ್ರೆಯ ಸಂಭ್ರಮಕ್ಕೆ ನಮ್ಮ ಭಾಗದಲ್ಲಿ ಕುಸ್ತಿ ಇದೆ, ಕಬಡ್ಡಿ ಇದೆ, ಭಾರ ಎತ್ತುವ ಸ್ಪರ್ಧೆ ಇದೆ. ಪಂದ್ಯವನ್ನು ಬೇಡವೆನ್ನುವ ಪಂಚಾಯತಿಯು ಇವುಗಳಿಗೆ ಜಾಗ ಮತ್ತು ನೆರವು ನೀಡಿದರೆ ಯುವಕರಿಗೂ ಸಮಾಧಾನವಾದೀತು.

ಮೇಲೆ ಹೇಳಿದ ಗ್ರಾಮದ ಸಭೆಯಲ್ಲಿ ಆ ದಿನ ತೀರ್ಮಾನವನ್ನು ಬದಲಿಸಿದ್ದು ನಾನು ಓದಿ ಹೇಳಿದ ಕಾನೂನಲ್ಲ, ಆ ತಾಯಿಯ ಪ್ರಶ್ನೆ. ಬೇಡಿಕೆ ಇಟ್ಟ ಯುವಕರ ಮನೆಯ ಹಿತ್ತಲಿನಲ್ಲಿಯೂ ಅವರ ತಾಯಂದಿರು ಸಾಕಿದ ಕೋಳಿಗಳಿದ್ದವು. ಮುಂಬರುವ ಗ್ರಾಮ ಸಭೆ ಹಾಗೂ ವಾರ್ಡ್ ಸಭೆಗಳಲ್ಲಿ ಸದಸ್ಯರು ಇದೇ ಪ್ರಶ್ನೆಯನ್ನು ಜನರ ಮುಂದಿಡಬೇಕೆಂದೂ ಮೇಲಿನ ಕ್ರಮಗಳನ್ನು ನಡವಳಿಯಲ್ಲಿ ದಾಖಲಿಸಿ ಪಾಲಿಸಬೇಕೆಂದೂ ವಿನಂತಿಸಲಾಗಿದೆ.

ಪಂಚಾಯತಿ ಅಭಿವೃದ್ಧಿ ಅಧಿಕಾರಿ
ಕಮಲಾಪುರ ತಾಲೂಕು, ಕಲಬುರಗಿ ಜಿಲ್ಲೆ